ಒಂಬತ್ತು ಕುರ್ಚಿಗಳ ಓದುಬಳಗ

ಬೇಯಿಸಿದ ಮೈದಾ ಅಂಟಿನ ವಾಸನೆ. ಅಪ್ಪನ ಬೈಂಡಿಂಗ್ ಅಂಗಡಿಯ ಮೇಜಿನ ಕೆಳಗೆ ಕೂತು ಚಿತ್ರದ ಪುಸ್ತಕ ನೋಡುತ್ತಿದ್ದ ವಯಸ್ಸಿನಲ್ಲಿ ಗ್ರಂಥಪಾಲಕಿಗೆ ಅದಕ್ಕಿಂತ ಇಷ್ಟವಾದ ವಾಸನೆ ಇರಲಿಲ್ಲ. ಇವತ್ತು ಅದೇ ಅವಳನ್ನು ಹಿಡಿದುಕೊಡುವಂತಿತ್ತು. ತನಿಖಾಧಿಕಾರಿ ಬಿಡಿಸಿಟ್ಟುಕೊಂಡಿದ್ದ ಪುಸ್ತಕದಲ್ಲಿ, ಅವಳು ಬೆಳಿಗ್ಗೆ ಬರೆದು ಅಂಟಿಸಿದ ಎರಡು ಹಾಳೆ ಇನ್ನೂ ಒಣಗಿರಲಿಲ್ಲ.

ಅದು ಓದುಬಳಗದ ಪುಸ್ತಕ. ರಟ್ಟಿನ ಮೇಲೆ ‘ಇದನ್ನು ಓದಿ’ ಎಂದಿತ್ತು. ಗುರುವಾರ ಸೇರುವ ಒಂಬತ್ತು ಜನ, ತಾವು ಮೆಚ್ಚಿದ ಪುಸ್ತಕವನ್ನು ಯಾರು ಓದಬೇಕು, ಏಕೆ ಓದಬೇಕು ಎಂದು ಅದರಲ್ಲಿ ನಾಲ್ಕು ಸಾಲು ಬರೆಯುವುದು ರೂಢಿ. ಎಂಟು ಜನಕ್ಕಿಂತ ಕಡಿಮೆಯಾದರೆ ಬಳಗದ ಕೋಣೆಗೆ ಬೀಗ ಎಂದು ಮೇಲಿನಿಂದ ಆದೇಶ ಬಂದಿತ್ತು.

ನಿಜ ಹೇಳಬೇಕೆಂದರೆ ಒಬ್ಬರೂ ಉಳಿದಿರಲಿಲ್ಲ. ಕೆಲವರು ಊರು ಬಿಟ್ಟರು. ಕೆಲವರಿಗೆ ಕಣ್ಣು ಕೈಕೊಟ್ಟಿತು. ದರ್ಜಿ ತೀರಿಕೊಂಡರು. ಟೈಪಿಂಗ್ ಟೀಚರು ಒಂದು ಗುರುವಾರ ಬರಲಿಲ್ಲ, ಮುಂದಿನ ಗುರುವಾರವೂ ಬರಲಿಲ್ಲ. ಮನೆ ಬದಲಿಸಿರಬೇಕು ಎಂದುಕೊಂಡಳು. ಆಮೇಲಿನ ಸಾಲುಗಳನ್ನೆಲ್ಲ, ಒಂಬತ್ತು ಬಗೆಯ ಅಕ್ಷರದಲ್ಲಿ, ಅವಳೊಬ್ಬಳೇ ಬರೆದಳು. ಈ ಕೋಣೆಯೂ ಹೋದರೆ ಅವರೆಲ್ಲ ಇಲ್ಲಿ ಕೂತಿದ್ದರು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ.

ಕಸ ಗುಡಿಸುವ ಆಯಾ ಮಾತ್ರ ಗುಟ್ಟು ಬಲ್ಲವಳು. ಇವತ್ತು ಅಧಿಕಾರಿ ಬರುವ ಮೊದಲು, ಯಾರೂ ಹೇಳದೆಯೇ ಒಂಬತ್ತು ಲೋಟ ನೀರಿಟ್ಟು, ಒಂದೊಂದರಲ್ಲೂ ಅರ್ಧರ್ಧ ತಾನೇ ಕುಡಿದಿದ್ದಳು. “ಹೊಟ್ಟೆ ಗುಡುಗುಡು ಅಂತಿದೆ ಕಣಕ್ಕಾ. ಒಂಬತ್ತು ಜನ ಓದೋರಾಗೋದು ಅಂದ್ರೆ ಸುಮ್ನೇನಾ!”

“ಎಲ್ರೂ ಈಗಷ್ಟೇ ಎದ್ದು ಹೋದ್ರು ಸಾರ್,” ಎಂದಿದ್ದಳು ಗ್ರಂಥಪಾಲಕಿ.

ಅಧಿಕಾರಿ ಲೋಟಗಳನ್ನು ನೋಡಿದ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ದರ್ಜಿಯ ಸಾಲನ್ನು ಬೆರಳಿಟ್ಟು ಓದಿದ: ‘ಕಥೆ ಚೆನ್ನಾಗಿದೆ. ನಡುವೆ ಎರಡು ಇಂಚು ಹೆಚ್ಚು, ಕತ್ತರಿಸಬಹುದಿತ್ತು.’ ತುಟಿಯಂಚಿನಲ್ಲಿ ನಕ್ಕ. ಆಮೇಲೆ ಟೈಪಿಂಗ್ ಟೀಚರ ಸಾಲಿನಲ್ಲಿ ನಿಂತ.

‘ಮೊದಲ ಇಪ್ಪತ್ತು ಪುಟ ಬೆರಳು ಕೂರುವುದಿಲ್ಲ. ತಾಳಿ, ಆಮೇಲೆ ಓಡುತ್ತದೆ. ದಣಿದು ಮನೆಗೆ ಬರುವವರು ಓದಬೇಕು.’

ಅದನ್ನು ಎರಡು ಸಲ ಓದಿದ. ಹಾಳೆಗಳನ್ನು ಹಿಂದಕ್ಕೆ, ನಾಲ್ಕು ವರ್ಷದಷ್ಟು ಹಿಂದಕ್ಕೆ ಮಗುಚಿ ಒಂದು ತಿಂಗಳಲ್ಲಿ ನಿಂತ. ಮತ್ತೆ ಅಲ್ಲಿಂದ ಒಂದೊಂದೇ ಪುಟ ಮುಂದಕ್ಕೆ ಬಂದ. ಅಕ್ಷರ ತಾಳೆ ನೋಡುತ್ತಿದ್ದಾನೆ ಎಂದುಕೊಂಡಳು ಅವಳು.

“ಈ ಟೈಪಿಂಗ್ ಟೀಚರು... ಇವತ್ತೂ ಬಂದಿದ್ರಾ?”

“ಬಂದಿದ್ರು ಸಾರ್.”

“ಹೇಗಿದ್ರು?”

ಯಾವ ಅಧಿಕಾರಿಯೂ ಕೇಳುವ ಪ್ರಶ್ನೆಯಲ್ಲ. ಎಲ್ಲಿ ತಪ್ಪಿ ಬೀಳುತ್ತೇನೋ ಎಂದು ಅವಳು ಅಳೆದೂ ತೂಗಿ ಹೇಳಿದಳು. “ಚೆನ್ನಾಗಿದ್ರು. ಮಂಡಿನೋವು ಎಷ್ಟೋ ವಾಸಿಯಂತೆ. ಮೆಟ್ಟಿಲು ಒಬ್ಬರೇ ಹತ್ತಿದ್ರು.”

“ಯಾವ ಕುರ್ಚಿ ಅವರದು?”

ಕಿಟಕಿಯ ಪಕ್ಕದ್ದನ್ನು ತೋರಿಸಿದಳು. ಅವನು ಎದ್ದು ಹೋಗಿ ಅದರ ಮೇಲೆ ಅಂಗೈ ಆಡಿಸಿದ. ಧೂಳು ಹುಡುಕುತ್ತಿದ್ದಾನೆ! ಸದ್ಯ, ಆಯಾ ಒರೆಸಿದ್ದಳು. ಅವನು ಅಲ್ಲೇ ಕೂತುಬಿಟ್ಟ.

“ಮನೆ ವಿಷಯ ಏನಾದ್ರೂ ಮಾತಾಡ್ತಾರಾ?”

ಅಷ್ಟು ಹೊತ್ತಿನಲ್ಲಿ ಈ ಒಂದಕ್ಕೆ ಮಾತ್ರ ಅವಳು ಸುಳ್ಳು ಹುಡುಕಬೇಕಾಗಲಿಲ್ಲ. ಟೀಚರು ಬರುತ್ತಿದ್ದ ಕಾಲದಲ್ಲಿ ಪ್ರತಿ ವಾರ ಕೇಳಿದ ಮಾತದು. “ಮಗನಿಗೆ ಬಿಡುವೇ ಇಲ್ಲ, ಪಾಪ ಅಂತಾರೆ. ಫೋನು ಮಾಡಲ್ಲ ಅಂತ ನಾವು ಬೈದ್ರೆ ನಮಗೇ ಬೈತಾರೆ.”

ಊಟದ ಹೊತ್ತು ಮೀರಿತ್ತು. ಅವನು ಎದ್ದು ಮೇಜಿಗೆ ಬಂದು ವರದಿ ತೆಗೆದು, ನಿಲ್ಲಿಸದೆ ಬರೆದು ಸಹಿ ಹಾಕಿದ. ಅವಳು ತಲೆಕೆಳಗಾಗಿಯೇ ಓದಿದಳು: ‘ಬಳಗದಲ್ಲಿ ಸದಸ್ಯರು ಯಾರೂ ಇಲ್ಲ. ಕೋಣೆಯನ್ನು ಮುಚ್ಚುವುದು.’

ಅವಳು ಹತ್ತಿರದ ಕುರ್ಚಿ ಎಳೆದು ಕೂತಳು. “ಯಾವಾಗ ಗೊತ್ತಾಯ್ತು ಸಾರ್?”

“ಮೊದಲು ತೆರೆದ ಪುಟದಲ್ಲೇ, ಅಂಟು ಇನ್ನೂ ಹಸಿಯಿತ್ತು. ಸುಳ್ಳು ಬರೆಯೋಕೆ ನನ್ನ ಕೈಲಾಗಲ್ಲ, ಕ್ಷಮಿಸಿ. ನಾನು ಬರೆಯದಿದ್ರೆ ಇನ್ನೊಬ್ಬ ಬಂದು ಬರೀತಾನೆ.”

“ಗೊತ್ತಿದ್ದೂ ಒಂದೂವರೆ ಗಂಟೆ ಕೂತು ಅಷ್ಟೆಲ್ಲ ಯಾಕೆ ಕೇಳಿದ್ರಿ? ಆಟ ಆಡಿಸೋಕಾ?”

“ಟೈಪಿಂಗ್ ಟೀಚರು ನಮ್ಮಮ್ಮ. ತೀರಿಹೋಗಿ ನಾಲ್ಕು ವರ್ಷ ಆಯ್ತು ಅಕ್ಕಾ,” ಎಂದವನು ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಸದ್ದಾಗದಂತೆ ಅವಳ ಮುಂದಕ್ಕೆ ಸರಿಸಿದ.