ಹಿಂದಿನ ಸಾಲಿಗೆ ಬಂದ ಸನ್ಮಾನ

“ಗಂಜಿ ಕಾಸಿದಾಕಿನ್ನ ಸರ್ಕಾರ ಕರೀತದೇನು?” ಎಂದು ನಕ್ಕವರು ನಮ್ಮ ಕಾಕಾ. ಇಂದಿಗೂ ಫಿನಾಯಿಲ್ ವಾಸನೆ ಬಡಿದರೆ ಪುಣೆಯ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು, ಆದರೆ ಮನೆಗೆ ಬಂದ ಮೊದಲ ಪ್ರಮಾಣಪತ್ರ ನನ್ನದಲ್ಲ.

ದೇಶದ ತುಂಬ ಪ್ಲೇಗು ಹಬ್ಬಿದಾಗ, ವಿಧವೆಯಾಗಿದ್ದ ನನ್ನ ಸೋದರತ್ತೆ ಊರ ಹೊರಗಿನ ಸರ್ಕಾರಿ ಗುಡಿಸಲುಗಳಲ್ಲಿ ರೋಗಿಗಳಿಗೆ ಗಂಜಿ ಕುಡಿಸಿದ್ದಳು. ಮರುವರ್ಷ, ಸತ್ತವರ ನೆನಪಿಗೆಂದು ಪುಣೆಯ ಕಲೆಕ್ಟರ್ ಕಚೇರಿಯಲ್ಲಿ ಸರ್ಕಾರ ಸಭೆ ಕರೆಯಿತು. ಫಿನಾಯಿಲ್ ಹಾಕಿ ತೊಳೆದ ಕಲ್ಲುನೆಲ ಇನ್ನೂ ಹಸಿಯಾಗಿತ್ತು. ಎಲ್ಲರೂ ಎದ್ದು ಮೌನವಾಗಿ ನಿಂತೆವು. ಆಮೇಲೆ, ಪ್ರಮಾಣಪತ್ರ ಕೊಡಲು ಸೇವೆ ಮಾಡಿದವರಲ್ಲಿ ಮೊದಲು ಕರೆದದ್ದು ಅತ್ತೆಯ ಹೆಸರನ್ನೇ.

ಅವಳು ಕಡೆಯ ಸಾಲಿನಿಂದ ಏಳಲಿಲ್ಲ.

“ಮುತ್ತೈದೇರು ಮೊದಲ ಹೋಗ್ಲಿ. ನಾ ಮುಂದ ಹೋಗಬಾರದು” ಎಂದು ಸೆರಗು ಎಳೆದುಕೊಂಡಳು.

“ತಡೀ, ನಾನs ಹೋಗಿ ಇಸ್ಕೊಂಡ ಬರ್ತೀನಿ” ಎಂದು ಕಾಕಾ ರುಮಾಲು ಸರಿಪಡಿಸಿಕೊಂಡು ಹೊರಟರು.

ಕಲೆಕ್ಟರ್ ಸಾಹೇಬರು ಕಾಕಾನ ಕೈಗೆ ಕೊಡಲಿಲ್ಲ. ತಾವೇ ವೇದಿಕೆಯಿಳಿದು, ಸಾಲುಗಳನ್ನು ದಾಟಿ ಬಂದು, ಪ್ರಮಾಣಪತ್ರವನ್ನು ಅತ್ತೆಯ ಮುಂದೆ ಹಿಡಿದರು. ಅವಳು ಅದನ್ನು ತೆಗೆದುಕೊಂಡು ಪಕ್ಕದಲ್ಲಿ ಕೂತಿದ್ದ ನಮ್ಮ ಅಜ್ಜಿಯ ಮುಖ ನೋಡಿದಳು.

ಅಜ್ಜಿ ಅಂದಳು: “ಗಟ್ಟಿ ಹಿಡಿಯವ್ವಾ. ಓಣಿ ಮಂದಿ ಬಾಗಲಾ ಹಾಕ್ಕೊಂಡಾಗ ಯಾವ ಮುತ್ತೈದಿ ನಿನಗಿಂತ ಮೊದಲ ಹೋಗಿದ್ಲು?”