ಶಾಲೆಯಲ್ಲಿ ಹತ್ತು ದಿನದ ಶಿಕ್ಷೆ

ಕುಡಿದು ಬಸ್ ಸ್ಟ್ಯಾಂಡಿನಲ್ಲಿ ಗಲಾಟೆ ಮಾಡಿದ್ದಕ್ಕೆ ಗದಗದ ವೆಲ್ಡರ್ ಫಕ್ಕೀರಪ್ಪನನ್ನು ಕೋರ್ಟಿಗೆ ಕರೆತಂದಿದ್ದರು.

ಜೈಲೇ ಗತಿ ಎಂದುಕೊಂಡಿದ್ದ. ಆದರೆ ಜಡ್ಜ್ ಮೇಡಂ, "ಹತ್ತು ದಿನ ಸರ್ಕಾರಿ ಶಾಲೆಯಲ್ಲಿ ಸಮುದಾಯ ಸೇವೆ. ಅಂಗಳ ಗುಡಿಸಬೇಕು, ಮಕ್ಕಳಿಗೆ ಊಟ ಬಡಿಸಬೇಕು" ಎಂದರು.

ಸದ್ಯ, ಬಚಾವಾದೆ ಅಂದುಕೊಂಡ…

ಮೊದಲ ದಿನ ಮಧ್ಯಾಹ್ನ ಅನ್ನ ಬಡಿಸುತ್ತಾ ಹೋದವನ ಕೈ ಒಂದು ತಟ್ಟೆಯ ಮುಂದೆ ನಿಂತುಬಿಟ್ಟಿತು.

ದಾನೇಶ್ವರಿ… ಅವನ ಮಗಳು.

ಐದು ವರ್ಷದ ಹಿಂದೆ ಅವನ ಕುಡಿತ, ಹೊಡೆತ ತಾಳಲಾರದೆ ಹೆಂಡತಿ ಮಗಳನ್ನು ಕರೆದುಕೊಂಡು ಮನೆ ಬಿಟ್ಟಿದ್ದಳು. ಅವನು ಒಂದು ದಿನವೂ ಹುಡುಕಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಗೆಳತಿ ಕೇಳಿದಳು, "ಕಾಕಾ, ಯಾಕ್ ಹಂಗ ನೋಡಾಕತ್ತೀರಿ? ಈಕಿ ನಿಮಗ ಗೊತ್ತೇನ್ರಿ? ಪಾಪ, ಈಕಿಗೆ ಅಪ್ಪ ಇಲ್ರಿ. ಸಣ್ಣಾಕಿ ಇದ್ದಾಗ್ಲೇ ತೀರಿಕೊಂಡಾರ."

ಫಕ್ಕೀರಪ್ಪ ಮಗಳ ಕಡೆ ನೋಡಿದ. ಅವಳ ಕಣ್ಣುಗಳು ಬೇಡಿಕೊಳ್ಳುತ್ತಿದ್ದವು… ಹೇಳಬೇಡ, ಹೇಳಬೇಡ.

"ಇಲ್ಲವ್ವಾ, ನನಗ ಗೊತ್ತಿಲ್ಲ" ಎಂದು ಬಡಿಸಿ ಮುಂದೆ ಹೋದ.

ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂತು, ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ.

ದಿನವೂ ಅದೇ ಸಾಲು, ಅದೇ ತಟ್ಟೆ. ಅವನು ಕುಡಿಯುವುದನ್ನು ಬಿಟ್ಟ. ಅವಳ ತಟ್ಟೆಯಾಚೆ ಒಂದು ಹನಿ ಸಾರೂ ಚೆಲ್ಲದಂತೆ ಬಡಿಸುತ್ತಿದ್ದ.

ಹತ್ತನೆಯ ದಿನ ಶಾಲೆ ಬಿಟ್ಟ ಮೇಲೆ ಅವಳೊಬ್ಬಳೇ ಬಂದು ನಿಂತಳು.

"ಅಪ್ಪಾ… ನೀ ತೀರಿಕೊಂಡೀ ಅಂತ ನಾ ಗೆಳತ್ಯಾರಿಗೆ ಹೇಳಬಾರದಿತ್ತು."

"ನೀ ಏನ್ ಸುಳ್ಳ ಹೇಳಿದ್ಯವ್ವಾ? ಐದ ವರ್ಷ ನಾ ಇದ್ದೂ ಇರಲಿಲ್ಲ."

ತಲೆ ಸವರಲೆಂದು ಕೈ ಎತ್ತಿದ.

ಅವಳು ಬೆಚ್ಚಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹಿಂದೆ ಸರಿದಳು…

ಆ ಕೈ ಎಂದರೆ ಅವಳಿಗೆ ನೆನಪಿದ್ದದ್ದು ಹೊಡೆತ ಮಾತ್ರ.

ಅವನು ಕೈ ಇಳಿಸಿದ.

ಮರುದಿನ ಬೆಲ್ ಹೊಡೆಯುವ ಮೊದಲೇ ಅವನು ಅಂಗಳ ಗುಡಿಸುತ್ತಿದ್ದ. ಹೆಡ್ ಮೇಡಂಗೆ ಆಶ್ಚರ್ಯ. "ಫಕ್ಕೀರಪ್ಪ, ನಿನ್ನ ಹತ್ತು ದಿನ ನಿನ್ನೆಗೇ ಮುಗದ್ವಲ್ಲ?"

"ಕೋರ್ಟಿನವು ಮುಗದ್ವುರಿ, ಮೇಡಂ…"

ಇದಾಗಿ ಒಂದು ವರ್ಷ. ವಾರಕ್ಕೊಂದು ದಿನ ಕೆಲಸ ಬಿಟ್ಟು ಅವನು ಬಡಿಸಲು ಬರುತ್ತಾನೆ. ಗೆಳತಿಯರ ಮುಂದೆ ಮಗಳು ಇನ್ನೂ ಅವನನ್ನು ಅಪ್ಪ ಎಂದಿಲ್ಲ.

ಅವನೂ ಕೇಳಿಲ್ಲ.

*ಶಿಕ್ಷೆ ಎಂದು ಮುಗಿಯುತ್ತದೆ ಎಂಬುದನ್ನು ಕೋರ್ಟ್ ಹೇಳಬಹುದು… ಕ್ಷಮೆ ಎಂದು ಸಿಗುತ್ತದೆ ಎಂಬುದನ್ನು ನೊಂದವರೇ ಹೇಳಬೇಕು.*

ನೀವು ಬದುಕಿದ್ದೂ ನಿಮ್ಮನ್ನು ಕಳೆದುಕೊಂಡವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ?