ಊರ ಗ್ರೂಪು

ಯಶೋಧಾ ಮಾವನನ್ನು ಕರೆದುಕೊಂಡು ಪಂಚಾಯತಿ ಸಭಾಭವನದ ಮೆಟ್ಟಿಲು ಹತ್ತುವಷ್ಟರಲ್ಲಿ ಗ್ರಾಮಸಭೆ ಮುಗಿದು, ಮಂದಿ ಚಹಾ ಕುಡಿಯುತ್ತಿದ್ದರು. ಸರಕಾರದ ಮನೆ ಯಾರ್‍ಯಾರಿಗೆ ಎಂಬ ಠರಾವು ಆಗಿಹೋಗಿತ್ತು. ಮಳೆಗೆ ಹಿತ್ತಲ ಗೋಡೆ ಬಿದ್ದ ಮೇಲೆ ತಾಡಪತ್ರಿ ಕಟ್ಟಿಕೊಂಡು ಮಲಗುವ ಅವಳ ಹೆಸರು ಅದರಲ್ಲಿ ಇರಲಿಲ್ಲ.

"ಸಭಾ ಐತಿ ಅಂತ ನಮಗ ಯಾರೂ ಹೇಳಲಿಲ್ರಿ, ಮೆಂಬರ್ರ. ಮುನವಳ್ಳಿ ಬಸ್ಸಿಗೆ ನಿಂತಾಗ ಯಾರೋ ಮಾತಾಡೂದು ಕೇಳಿ ಓಡಿ ಬಂದೇನಿ."

ಮೆಂಬರ್ ನಿಜಗುಣಪ್ಪ ಕೆಟ್ಟ ಮನುಷ್ಯನಲ್ಲ. ಲಿಂಗಪೂಜೆ ಮಾಡದೆ ಹನಿ ನೀರು ಮುಟ್ಟುವವನಲ್ಲ. ಒಳ್ಳೆಯವರ ಮರೆವಿಗೆ ಬೈಯುವವರೂ ಇರುವುದಿಲ್ಲ. "ಊರ ಗ್ರೂಪಿನ್ಯಾಗ ಹಾಕೇನಲ್ಲವಾ," ಎಂದು ಮೊಬೈಲ್ ತೋರಿಸಿದ. "ಇಡೀ ಊರು ನೋಡೇತಿ."

"ನಮ್ಮ ಕೇರಿಯವರದು ಒಂದ ನಂಬರೂ ಅದರಾಗ ಇಲ್ರಿ."

ಅವನು ಬೆರಳಾಡಿಸಿ ನೋಡಿದ. ನಿಜವಾಗಿಯೂ ಇರಲಿಲ್ಲ. ಮುಜುಗರಕ್ಕೆ ನಕ್ಕು, ಗೋಡೆಗೆ ಆತು ನಿಂತಿದ್ದ ಅವಳ ಮಾವನ ಕಡೆ ತಿರುಗಿದ. "ಏನ್ ಗಂಗಪ್ಪ, ನೀ ಹಲಗಿ ಬಾರಸೂದು ಬಿಟ್ಟಿದ್ದಕ್ಕ ಹಿಂಗಾತು ನೋಡು. ಮೊದಲಿನಂಗ ಡಂಗುರ ಹೊಡದಿದ್ರ ನಿನ್ನ ಸೊಸಿಗೇ ಮೊದಲ ಗೊತ್ತಾಗತಿತ್ತು."

ಒಂದಿಬ್ಬರು ನಕ್ಕರು. ಗಂಗಪ್ಪ ನಗಲಿಲ್ಲ.

"ಬಿಟ್ಟಿದ್ದು ಖರೇರಿ, ಸಾವಕಾರ್ರ. ಮಕ್ಕಳು ಬ್ಯಾಡ ಅಂದ್ರು. ಅವರು ಅಂದದ್ದು ಬರೋಬ್ಬರಿ ಇತ್ತು. ಆದ್ರ ಹೊಡಿಯೂ ಮಟಾ ನಾ ಯಾವ ಓಣಿನೂ ಬಿಟ್ಟಾಂವಲ್ಲ. ನಿಮ್ಮ ಅಪ್ಪಾರಿಗೆ ಸ್ವಲ್ಪ ಮಂದ ಕೇಳಸತಿತ್ತು. ನಿಮ್ಮ ಬಾಗಲಕ್ಕ ನಿಂತು ಎರಡೆರಡು ಸಲ ಒದರತಿದ್ದೆ."

ನಿಜಗುಣಪ್ಪ ವಿಭೂತಿ ಅಳಿಸಿಹೋಗುವ ಹಾಗೆ ಹಣೆಯ ಬೆವರು ಒರೆಸಿಕೊಂಡ. ಅವನ ದನಿ ಈಗ ತಗ್ಗಿತ್ತು. "ತಪ್ಪಾಗೇತಿ. ನಂಬರ್ ಹೇಳವಾ ತಂಗಿ, ಈಗ ಸೇರಸತೇನಿ. ಬಿದ್ದ ಗ್ವಾಡಿ ಫೋಟೋ ನೀನ ಗ್ರೂಪಿಗೆ ಹಾಕು. ಊರ ಮಂದಿ ನೋಡಿ ಹೂಂ ಅಂದ್ರ ಠರಾವು ತಿದ್ದಾಕ ಬರತೈತಿ."

ಅವಳು ನಂಬರ್ ಹೇಳಿದಳು. ಅವಳ ಮೊಬೈಲ್ ಸಣ್ಣಗೆ ಸದ್ದು ಮಾಡಿತು. ಊರ ಗ್ರೂಪು ಮೊದಲ ಸಲ ಅವಳ ಅಂಗೈಯಲ್ಲಿ ತೆರೆಯಿತು. ಫೋಟೋ ಹಾಕಲು ಯಶೋಧಾ ಕೆಳಗೆ ಜಾಗ ಹುಡುಕಿದಳು. ಜಾಗವಿರಲಿಲ್ಲ. 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು' ಎಂಬ ಒಂದು ಸಾಲಿತ್ತು.

"ಹಾಕಿದೇನವಾ?"

ಅವಳು ಮೊಬೈಲನ್ನು ನಿಜಗುಣಪ್ಪನ ಕಣ್ಣ ಮುಂದೆ ಹಿಡಿದಳು.

"ಇದರಾಗ ನಮಗ ಕಿವಿ ಅಷ್ಟ ಇಟ್ಟೀರಲ್ರಿ, ಮೆಂಬರ್ರ," ಎಂದಳು ಮೆಲ್ಲಗೆ. "ಬಾಯಿ ಎಲ್ಲಿ ಐತಿ?"